ಮನೆಯ ಲಿಂಕನ್, ನಾಡಿನ ಲಿಂಕನ್

ಮಹಾಪುರುಷರ ಚರಿತ್ರೆಗಳನ್ನು ಓದುವಾಗ ಅವರಿಗೂ ಒಂದು ಮನೆಯಿದ್ದಿತು, ಆ ಮನೆಯಲ್ಲಿ ಮಕ್ಕಳು ಜ್ವರದಿಂದ ಮಲಗುತ್ತಿದ್ದರು, ಹೆಂಡತಿ ಮುನಿಸಿಕೊಳ್ಳುತ್ತಿದ್ದಳು ಎಂಬುದನ್ನು ನಾವು ಮರೆತೇಬಿಡುತ್ತೇವೆ. ಯುದ್ಧ ಗೆದ್ದ ವರ್ಷ, ಸಂಧಿಗೆ ರುಜು ಹಾಕಿದ ವರ್ಷ, ಇವು ಪರೀಕ್ಷೆಗೆ ಬರುವ ವಿಷಯಗಳು. ಆ ವರ್ಷ ಆತನ ಮನೆಯಲ್ಲಿ ಯಾರು ತೀರಿಕೊಂಡರು ಎಂಬುದು ಪ್ರಶ್ನಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಕರುಳಿನ ಸೆಳೆತ ಒಂದು ಕಡೆಗೂ ಪದವಿಯ ಹೊಣೆ ಇನ್ನೊಂದು ಕಡೆಗೂ ಜಗ್ಗುವಾಗ ನಾಡನ್ನಾಳುವವನು ಏನು ಮಾಡಿದನು ಎಂಬುದರಲ್ಲಿಯೇ ಆತನ ನಿಜವಾದ ಅಳತೆ ಸಿಕ್ಕುವುದೆಂದು ನನಗೆ ತೋರುತ್ತದೆ. ಈ ದೃಷ್ಟಿಯಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹದಿನಾರನೆಯ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನ ಬಾಳನ್ನು ಇಲ್ಲಿ ನೋಡಬಯಸುತ್ತೇನೆ. ದಾಸ್ಯವಿಮೋಚಕನೆಂದು ಆತನನ್ನು ಎಲ್ಲರೂ ಬಲ್ಲರು. ಎದೆಯಲ್ಲಿ ಮಗನ ಸಾವನ್ನಿಟ್ಟುಕೊಂಡು ಯುದ್ಧ ನಡೆಸಬೇಕಾಗಿ ಬಂದ ತಂದೆಯೆಂದು ಬಲ್ಲವರು ಕಡಿಮೆ.

ಲಿಂಕನ್ನನು ಹುಟ್ಟಿದ್ದು 1809ನೆಯ ಇಸವಿ ಫೆಬ್ರವರಿ 12ರಂದು, ಕೆಂಟಕಿ ಸಂಸ್ಥಾನದಲ್ಲಿ, ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಒಂದೇ ಕೋಣೆಯ ಗುಡಿಸಲಿನಲ್ಲಿ. ತಂದೆ ಥಾಮಸ್ ಲಿಂಕನ್ ಬೇಸಾಯಗಾರ, ಬಡಗಿ ಕೆಲಸವನ್ನೂ ಬಲ್ಲವನು. ಓದು ಬರಹ ಮಾತ್ರ ಇಲ್ಲ. ತನ್ನ ಹೆಸರನ್ನು ಹೇಗೋ ಗೀಚುತ್ತಿದ್ದನು. 1816ರಲ್ಲಿ ಸಂಸಾರ ಇಂಡಿಯಾನಕ್ಕೆ ಹೊರಟುಹೋಯಿತು. ಅಲ್ಲಿ 1818ರಲ್ಲಿ ತಾಯಿ ನ್ಯಾನ್ಸಿ ತೀರಿಕೊಂಡಳು. ವಿಷದ ಗಿಡ ಮೇಯ್ದ ಹಸುವಿನ ಹಾಲು ಕುಡಿದವರಿಗೆ ಬರುತ್ತಿದ್ದ ಒಂದು ಕಾಯಿಲೆ ಆಕೆಯನ್ನು ಕೊಂಡೊಯ್ದಿತು. ಹುಡುಗನಿಗೆ ಆಗ ಒಂಬತ್ತು ವರ್ಷ. ಮರುವರ್ಷ ಮನೆಗೆ ಬಂದ ಸಾರಾ ನಮ್ಮ ಕಥೆಗಳಲ್ಲಿ ಬರುವ ಮಲತಾಯಿಯಂಥವಳಲ್ಲ. ಆಕೆಗೂ ಅಕ್ಷರ ಬಾರದು. ಆದರೂ ಹುಡುಗನ ಓದಿನ ಹುಚ್ಚಿಗೆ ಅಡ್ಡ ಬರಲಿಲ್ಲ, ಬದಲಾಗಿ ಬೆಂಬಲ ಕೊಟ್ಟಳು. ಲಿಂಕನ್ನನು ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವೂ ಆಗದು. ಹೊಲದ ಕೆಲಸ ಬಿಡುವಾದಾಗ ಶಾಲೆ, ಮಿಕ್ಕಂತೆ ಕೈಯಲ್ಲಿ ಕೊಡಲಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಓದಿದ ಮಗನಿಗೂ ಓದದ ತಂದೆಗೂ ಹೊಂದಾಣಿಕೆ ಇರಲಿಲ್ಲ. ಮಗನನ್ನು ನೆರೆಯವರ ಹೊಲಕ್ಕೆ ಕೂಲಿಗೆ ಕಳುಹಿಸಿ ಆ ಕೂಲಿಯನ್ನು ತಂದೆ ತೆಗೆದುಕೊಳ್ಳುತ್ತಿದ್ದನು. ಮನೆ ಬಿಟ್ಟ ಮಗ ಇಲಿನಾಯ್ ಸಂಸ್ಥಾನದಲ್ಲಿ ಅಂಗಡಿ ನಡೆಸಿ, ಸಾಲ ಮಾಡಿ, ಭೂಮಾಪನ ಕಲಿತು, ಕಡೆಗೆ ತಾನೇ ಪುಸ್ತಕ ಓದಿ ವಕೀಲನಾಗಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ನೆಲೆಸಿದನು. 1851ರ ಜನವರಿಯಲ್ಲಿ ತಂದೆ ಸಾಯುವ ಸ್ಥಿತಿಯಲ್ಲಿರುವನೆಂದು ಮಲಸಹೋದರನಿಂದ ಕಾಗದ ಬಂದಿತು. ಲಿಂಕನ್ನನು ಹೋಗಲಿಲ್ಲ. ಹೆಂಡತಿ ಬಾಣಂತಿ, ಹಾಸಿಗೆ ಹಿಡಿದಿದ್ದಾಳೆಂದು ಕಾರಣ ಬರೆದನು. ಈಗ ಭೇಟಿಯಾದರೆ ಇಬ್ಬರಿಗೂ ಸಂತೋಷಕ್ಕಿಂತ ಸಂಕಟವೇ ಹೆಚ್ಚಾದೀತೆಂದೂ ಬರೆದನು. ತಂದೆಯ ಅಂತ್ಯಸಂಸ್ಕಾರಕ್ಕೂ ಹೋಗಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಸಂಗತಿ ಮುಳ್ಳಿನಂತೆ ಚುಚ್ಚುತ್ತದೆ. ಹೆಬ್ಬೆಟ್ಟು ಒತ್ತುವ ತಂದೆಯ ಮುಂದೆ ಪುಸ್ತಕ ಹಿಡಿದು ಕುಳಿತವರಿಗೆ ಆ ನಡುವಣ ದೂರ ಎಷ್ಟು ಸದ್ದಿಲ್ಲದೆ ಬೆಳೆಯುವುದೆಂಬುದು ಗೊತ್ತು. 1853ರಲ್ಲಿ ಹುಟ್ಟಿದ ಕಿರಿಯ ಮಗನಿಗೆ ಲಿಂಕನ್ನನು ಥಾಮಸ್ ಎಂದೇ ಹೆಸರಿಟ್ಟನು. ಅಧ್ಯಕ್ಷನಾಗಿ ರಾಜಧಾನಿಗೆ ಹೊರಡುವ ಮುನ್ನ, 1861ರ ಜನವರಿ ಕೊನೆಯಲ್ಲಿ, ಮುದುಕಿಯಾಗಿದ್ದ ಮಲತಾಯಿಯನ್ನು ಕಂಡು ತಂದೆಯ ಸಮಾಧಿಯ ಬಳಿಗೂ ಹೋಗಿ ಬಂದನು. ಅಷ್ಟರಲ್ಲಿ ಹತ್ತು ವರ್ಷ ಕಳೆದಿದ್ದಿತು.

ಆತನ ಹೆಂಡತಿ ಮೇರಿ ಟಾಡ್ ಕೆಂಟಕಿಯ ಸಿರಿವಂತ ಮನೆತನದ ಹೆಣ್ಣು. ಗುಲಾಮರನ್ನು ಇಟ್ಟುಕೊಂಡಿದ್ದ ಮನೆ ಅದು. 1842ರಲ್ಲಿ ವಿವಾಹವಾಯಿತು. ನಾಲ್ವರು ಗಂಡುಮಕ್ಕಳು: ರಾಬರ್ಟ್, ಎಡ್ವರ್ಡ್, ವಿಲಿಯಂ, ಥಾಮಸ್. ಇವರಲ್ಲಿ ಎಡ್ವರ್ಡ್ ನಾಲ್ಕು ವರ್ಷವೂ ತುಂಬದೆ 1850ರಲ್ಲಿ ತೀರಿಕೊಂಡನು. ಅದೇ ವರ್ಷದ ಡಿಸೆಂಬರಿನಲ್ಲಿ ವಿಲಿಯಂ ಹುಟ್ಟಿದನು. ತಂದೆಯನ್ನು ನೋಡಲು ಹೋಗಲಾಗದೆಂದು ಲಿಂಕನ್ನನು ಬರೆದಾಗ ಮೇರಿ ಬಾಣಂತಿಯಾಗಿದ್ದುದು ಈ ಮಗುವಿಗೆ. ಮನೆಯಲ್ಲಿ ಎಲ್ಲರೂ ಆತನನ್ನು ವಿಲ್ಲಿ ಎಂದು ಕರೆಯುತ್ತಿದ್ದರು.

ರಾಜಕೀಯದ ಏರಿಳಿತಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವು ಎಲ್ಲ ಪುಸ್ತಕಗಳಲ್ಲಿಯೂ ಇವೆ. 1860ರ ನವೆಂಬರಿನಲ್ಲಿ ಲಿಂಕನ್ನನು ಅಧ್ಯಕ್ಷನಾಗಿ ಆಯ್ಕೆಯಾದನು. ಗುಲಾಮಗಿರಿ ಹೊಸ ಪ್ರಾಂತಗಳಿಗೆ ಹರಡಬಾರದೆಂಬುದು ಆತನ ಪಕ್ಷದ ನಿಲುವು. ಆತನು ಅಧಿಕಾರ ವಹಿಸಿಕೊಳ್ಳುವ ಮೊದಲೇ ದಕ್ಷಿಣದ ಏಳು ಸಂಸ್ಥಾನಗಳು ಒಕ್ಕೂಟದಿಂದ ಬೇರೆಯಾದವು. 1861ರ ಏಪ್ರಿಲಿನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿದ ನಂತರ ಇನ್ನೂ ನಾಲ್ಕು ಸೇರಿದವು. ನಾಲ್ಕು ವರ್ಷಗಳ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಯೋಧರು ಸತ್ತರು.

ಆ ಸಾವುಗಳಲ್ಲಿ ಮೊದಮೊದಲಿನ ಒಂದು ಲಿಂಕನ್ನನ ಮನೆ ಬಾಗಿಲಿನದೇ. ಎಲ್ಸ್‌ವರ್ತ್ ಎಂಬ ತರುಣನೊಬ್ಬನು ಸ್ಪ್ರಿಂಗ್‌ಫೀಲ್ಡಿನಲ್ಲಿ ಆತನ ವಕೀಲಿ ಕಛೇರಿಯಲ್ಲಿ ಓದುತ್ತಿದ್ದವನು, ಆತನೊಡನೆಯೇ ರಾಜಧಾನಿಗೆ ಬಂದವನು, ಮಕ್ಕಳಿಗೆಲ್ಲ ಅಚ್ಚುಮೆಚ್ಚಿನವನು. 1861ರ ಮೇ 24ರಂದು ನದಿಯಾಚೆಯ ಅಲೆಗ್ಸಾಂಡ್ರಿಯ ಪಟ್ಟಣದಲ್ಲಿ ಒಂದು ಹೋಟಲಿನ ಮೇಲೆ ಹಾರುತ್ತಿದ್ದ ದಕ್ಷಿಣದವರ ಬಾವುಟವನ್ನು ಇಳಿಸಿಕೊಂಡು ಬರುವಾಗ ಹೋಟಲಿನವನ ಗುಂಡಿಗೆ ಬಲಿಯಾದನು. ಆ ಹೊತ್ತಿಗೆ ಕಾಣಲು ಬಂದವರ ಮುಂದೆಯೇ ಅಧ್ಯಕ್ಷನು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತನು. ಅಕ್ಟೋಬರಿನಲ್ಲಿ ಇನ್ನೊಂದು ಪೆಟ್ಟು. ಹಳೆಯ ಗೆಳೆಯನಾದ ಎಡ್ವರ್ಡ್ ಬೇಕರ್, ತೀರಿಕೊಂಡ ಮಗನಿಗೆ ಯಾರ ಹೆಸರನ್ನಿಟ್ಟಿದ್ದನೋ ಆ ಬೇಕರ್, ಬಾಲ್ಸ್ ಬ್ಲಫ್ ಕಾಳಗದಲ್ಲಿ ಮಡಿದನು. ತಂತಿ ಕಛೇರಿಯಲ್ಲಿ ಸುದ್ದಿ ಕೇಳಿ ಹೊರಗೆ ಬಂದ ಲಿಂಕನ್ನನು ಕಣ್ಣೀರಿನಲ್ಲಿ ದಾರಿ ಕಾಣದೆ ಎಡವಿದನು. ಹತ್ತು ವರ್ಷದ ವಿಲ್ಲಿ ಬೇಕರನ ಮೇಲೆ ಒಂದು ಪದ್ಯ ಬರೆದು ಪತ್ರಿಕೆಗೆ ಕಳುಹಿಸಿದನು, ಅದು ಅಚ್ಚಾಯಿತು.

ಹೀಗೆ ಅಳುವವನು ಯುದ್ಧ ನಡೆಸಬಲ್ಲನೆ ಎಂದು ಆಗ ಅನೇಕರಿಗೆ ಸಂದೇಹವಿದ್ದಿತು. ಆದರೆ ಲಿಂಕನ್ನನಲ್ಲಿ ಒಂದು ಬಗೆಯ ಭಾವನೆ ಹೆಚ್ಚು ಕಾಲ ಉಳಿಯುತ್ತಲೇ ಇರಲಿಲ್ಲ. ಅದು ತನಗಾದ ಅವಮಾನದ ನೋವು. 1855ರಲ್ಲಿ ಕೊಯ್ಲು ಯಂತ್ರದ ಹಕ್ಕಿನ ದೊಡ್ಡ ಮೊಕದ್ದಮೆಯೊಂದರಲ್ಲಿ ಆತನನ್ನೂ ವಕೀಲನನ್ನಾಗಿ ಗೊತ್ತುಮಾಡಿದ್ದರು. ಆತನು ಶ್ರಮಪಟ್ಟು ಸಿದ್ಧನಾಗಿ ಸಿನ್ಸಿನಾಟಿಗೆ ಹೋದನು. ಅಲ್ಲಿ ಎಡ್ವಿನ್ ಸ್ಟ್ಯಾಂಟನ್ ಎಂಬ ಹೆಸರಾಂತ ವಕೀಲನು ಈ ಹಳ್ಳಿಗಾಡಿನ ವಕೀಲನನ್ನು ಕಡೆಗಣ್ಣಿನಿಂದ ನೋಡಿ, ಮಾತನಾಡಿಸದೆ, ಮೊಕದ್ದಮೆಯಿಂದಲೇ ಬದಿಗೆ ಸರಿಸಿದನು. ಏಳು ವರ್ಷ ಕಳೆದು, 1862ರ ಜನವರಿಯಲ್ಲಿ, ಯುದ್ಧಖಾತೆಗೆ ದಕ್ಷನಾದ ಸಚಿವನು ಬೇಕಾದಾಗ ಲಿಂಕನ್ನನು ಆರಿಸಿದ್ದು ಅದೇ ಸ್ಟ್ಯಾಂಟನ್ನನನ್ನು. ಸೇನಾಧಿಪತಿ ಮೆಕ್ಲೆಲನ್ನನ ವಿಷಯವೂ ಹೀಗೆಯೇ. 1861ರ ನವೆಂಬರಿನ ಒಂದು ರಾತ್ರಿ ಅಧ್ಯಕ್ಷನೇ ಆತನ ಮನೆಗೆ ಹೋಗಿ ಕಾದು ಕುಳಿತಿದ್ದನು. ಮದುವೆಯೊಂದರಿಂದ ಹಿಂದಿರುಗಿದ ಸೇನಾಧಿಪತಿ ಬಂದವರನ್ನು ಕಾಣದೆ ನೆಟ್ಟಗೆ ಮಹಡಿ ಹತ್ತಿ ಮಲಗಿಬಿಟ್ಟನು. ಲಿಂಕನ್ನನು ಅದನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ನಡೆದನು. ಮರುವರ್ಷ ಮೆಕ್ಲೆಲನ್ನನನ್ನು ಪದವಿಯಿಂದ ಇಳಿಸಿದ್ದು ನಿಜ. ಅದು ಆ ರಾತ್ರಿಗಾಗಿ ಅಲ್ಲ, ಆಂಟೀಟಮ್ ಕಾಳಗದ ಮೇಲೆ ಶತ್ರುವನ್ನು ಬೆನ್ನಟ್ಟದೆ ವಾರಗಟ್ಟಲೆ ಕುಳಿತದ್ದಕ್ಕಾಗಿ. ತನ್ನ ಪದವಿಗೇ ಕಣ್ಣು ಹಾಕಿದ್ದ ಹಣಕಾಸಿನ ಸಚಿವ ಚೇಸನನ್ನು 1864ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನನ್ನಾಗಿ ಮಾಡಿದನು. ಮುನಿಸನ್ನು ಬಿಡುವುದು ಆತನಿಗೆ ಸುಲಭವಾಗಿದ್ದಿತು. ಇದನ್ನು ದೊಡ್ಡ ತ್ಯಾಗವೆಂದು ಹೊಗಳುವವರುಂಟು. ನನ್ನ ಮಟ್ಟಿಗೆ ಇದಕ್ಕಿಂತ ಕಠಿಣವಾದುದು ಮುಂದಿದೆ: ಕೋಪವನ್ನು ಬಿಡುವುದಲ್ಲ, ಮಮತೆಯನ್ನು ಎಲ್ಲಿಯವರೆಗೆ ಬಿಡುವುದೆಂಬುದು.

1862ರ ಫೆಬ್ರವರಿ ತಿಂಗಳನ್ನು ನೋಡಿ. ತಿಂಗಳ ಆರಂಭದಲ್ಲಿ ವಿಲ್ಲಿಗೆ ಜ್ವರ ಬಂದಿತು, ಬಹುಶಃ ವಿಷಮಶೀತಜ್ವರ. ತಮ್ಮ ಥಾಮಸನೂ ಮಲಗಿದನು. 5ನೆಯ ತಾರೀಖು ಶ್ವೇತಭವನದಲ್ಲಿ ಮೊದಲೇ ಗೊತ್ತಾಗಿದ್ದ ದೊಡ್ಡ ಔತಣ. ಕೆಳಗೆ ಬ್ಯಾಂಡು ನುಡಿಯುತ್ತಿರಲು ತಂದೆ ತಾಯಿ ಆಗಾಗ ಮಹಡಿ ಹತ್ತಿ ಮಗನ ಹಣೆ ಮುಟ್ಟಿ ನೋಡಿ ಇಳಿದು ಬರುತ್ತಿದ್ದರು. ಪಶ್ಚಿಮದಲ್ಲಿ ಗ್ರ್ಯಾಂಟ್ ಎಂಬ ಸೇನಾನಿ ಹೆನ್ರಿ ಕೋಟೆಯನ್ನೂ, 16ರಂದು ಡೊನೆಲ್ಸನ್ ಕೋಟೆಯನ್ನೂ ಗೆದ್ದನು. ಉತ್ತರಕ್ಕೆ ಅದು ಯುದ್ಧದ ಮೊದಲ ದೊಡ್ಡ ಗೆಲುವು; ಊರೂರುಗಳಲ್ಲಿ ಉತ್ಸವ. ಶ್ವೇತಭವನದಲ್ಲಿ ಮಾತ್ರ ಹುಡುಗನ ಜ್ವರ ಇಳಿಯಲಿಲ್ಲ. 20ನೆಯ ತಾರೀಖು ಗುರುವಾರ ಸಂಜೆ ಐದು ಗಂಟೆಯ ಹೊತ್ತಿಗೆ ವಿಲ್ಲಿ ತೀರಿಕೊಂಡನು. ಹನ್ನೊಂದು ವರ್ಷದ ಮಗ. ನಾಲ್ವರಲ್ಲಿ ತಂದೆಯನ್ನೇ ಹೆಚ್ಚು ಹೋಲುತ್ತಿದ್ದವನೆಂದು ಕಂಡವರು ಹೇಳುತ್ತಿದ್ದರು.

ಇದೇ ದಿನಗಳಲ್ಲಿ ಅಧ್ಯಕ್ಷನ ಮೇಜಿನ ಮೇಲೆ ಇನ್ನೊಂದು ಕಡತವಿದ್ದಿತು. ನೆಥೇನಿಯಲ್ ಗಾರ್ಡನ್ ಎಂಬ ಹಡಗಿನ ಕಪ್ತಾನನು 1860ರಲ್ಲಿ ಆಫ್ರಿಕದ ಕಾಂಗೋ ನದಿಯ ಬಳಿ 897 ಮಂದಿಯನ್ನು ಗುಲಾಮರಾಗಿ ಮಾರುವುದಕ್ಕೆ ಹಡಗಿನಲ್ಲಿ ತುಂಬಿಕೊಂಡು ಹೊರಟಾಗ ಸಿಕ್ಕಿಬಿದ್ದಿದ್ದನು. ಅವರಲ್ಲಿ ಮಕ್ಕಳೇ ಬಹು ಮಂದಿ. ಆಫ್ರಿಕದಿಂದ ಗುಲಾಮರನ್ನು ತರುವುದು ಮರಣದಂಡನೆಗೆ ತಕ್ಕ ಅಪರಾಧವೆಂದು 1820ರಿಂದಲೇ ಕಾನೂನಿದ್ದಿತು. ಅಲ್ಲಿಯವರೆಗೆ ಆ ಕಾನೂನಿನಂತೆ ಒಬ್ಬನೂ ನೇಣಿಗೇರಿರಲಿಲ್ಲ. ಗಾರ್ಡನನಿಗೆ ಹೆಂಡತಿಯಿದ್ದಳು, ಎಳೆಯ ಮಗನಿದ್ದನು. ಕ್ಷಮೆಗಾಗಿ ಸಾವಿರಾರು ಮಂದಿ ರುಜು ಹಾಕಿದ ಮನವಿಗಳು ಬಂದವು. ಲಿಂಕನ್ನನ ಮೃದು ಹೃದಯ ಎಲ್ಲರಿಗೂ ಗೊತ್ತಿದ್ದುದರಿಂದ ಕ್ಷಮೆ ಸಿಕ್ಕುವುದೆಂದೇ ಗಾರ್ಡನನ ಕಡೆಯವರು ನಂಬಿದ್ದರು. ಲಿಂಕನ್ನನು ಕೊಟ್ಟದ್ದು ಎರಡು ವಾರಗಳ ಅವಧಿ ಮಾತ್ರ, ಅದೂ ಸಾವಿಗೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳಲೆಂದು. ಆ ಅವಧಿ ಮುಗಿದದ್ದು ಫೆಬ್ರವರಿ 21ರಂದು. ಎಂದರೆ, ವಿಲ್ಲಿಯ ಹೆಣ ಇನ್ನೂ ಮನೆಯಲ್ಲಿರುವಾಗಲೇ ನ್ಯೂಯಾರ್ಕಿನಲ್ಲಿ ಗಾರ್ಡನನನ್ನು ನೇಣಿಗೇರಿಸಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಎರಡು ವಾರ ಮಗನ ಹಾಸಿಗೆಯ ಬಳಿ ಕುಳಿತು, ಈ ಒಂದು ಜೀವ ಉಳಿಯಲೆಂದು ಮನಸ್ಸಿನಲ್ಲಿ ಬೇಡಿಕೊಳ್ಳದ ತಂದೆಯುಂಟೆ? ಇನ್ನೊಬ್ಬ ಮಗುವಿನ ತಂದೆಯನ್ನು ಉಳಿಸಿಬಿಡೋಣ, ಅದರ ಪುಣ್ಯ ನನ್ನ ಮಗನಿಗೆ ಬರಲಿ ಎಂದು ನಮ್ಮಲ್ಲಿ ಯಾರಾದರೂ ಎಂದುಕೊಳ್ಳುತ್ತಿದ್ದರು. ಹರಕೆ ಹೊರುವುದು ಮತ್ತೇನು? ಲಿಂಕನ್ನನು ಆ ಹರಕೆಯನ್ನು ಹೊರಲಿಲ್ಲ. ಹಡಗಿನ ತಳದಲ್ಲಿ ತುಂಬಿದ್ದ ಮಕ್ಕಳಿಗೂ ತಂದೆ ತಾಯಿಗಳಿದ್ದರು. ಅವರ ಪರವಾಗಿ ಮನವಿ ತರುವವರು ಶ್ವೇತಭವನದ ಬಾಗಿಲಿಗೆ ಬರಲಾರರು. ಅಧ್ಯಕ್ಷನಾದವನು ಬಾರದವರ ಕಡೆಗೂ ಕಿವಿಗೊಡಬೇಕು. ನನಗೆ ಆತನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಕಾಣುವುದಿಲ್ಲ.

ಮಗನ ಸಾವಿನಿಂದ ಮೇರಿ ಮತ್ತೆ ಮೊದಲಿನಂತಾಗಲಿಲ್ಲ. ವಾರಗಟ್ಟಲೆ ಕೋಣೆಯಿಂದ ಹೊರಬರಲಿಲ್ಲ, ವರ್ಷವಿಡೀ ಕಪ್ಪು ಬಟ್ಟೆ ಬಿಡಲಿಲ್ಲ. ಅಳುವ ಅನುಕೂಲ ಆಕೆಗಿದ್ದಿತು, ಗಂಡನಿಗಿರಲಿಲ್ಲ. ವಿಲ್ಲಿಯ ಶವವನ್ನು ಸದ್ಯಕ್ಕೆಂದು ಜಾರ್ಜ್‌ಟೌನಿನ ಓಕ್ ಹಿಲ್ ಸ್ಮಶಾನದಲ್ಲಿ ಪರಿಚಿತರೊಬ್ಬರ ಸಮಾಧಿಗೃಹದಲ್ಲಿ ಇರಿಸಿದ್ದರು. ಲಿಂಕನ್ನನು ಅಲ್ಲಿಗೆ ಹೋಗಿ ಬರುತ್ತಿದ್ದನು.

ಗುಲಾಮಗಿರಿಯ ವಿಷಯದಲ್ಲಿಯೂ ಆತನ ಸ್ವಂತ ಭಾವನೆಗೂ ಪದವಿಯ ಪ್ರಮಾಣಕ್ಕೂ ಇಂಥದೇ ಜಗ್ಗಾಟ ನಡೆದಿದ್ದಿತು. ಗುಲಾಮಗಿರಿ ತಪ್ಪಲ್ಲವಾದರೆ ಜಗತ್ತಿನಲ್ಲಿ ಯಾವುದೂ ತಪ್ಪಲ್ಲವೆಂಬುದು ಆತನ ನಂಬಿಕೆ. ಆದರೆ ತಾನು ಪ್ರಮಾಣ ಮಾಡಿದ್ದು ಸಂವಿಧಾನವನ್ನು ಕಾಯುವುದಕ್ಕೆ, ತನ್ನ ನಂಬಿಕೆಯಂತೆ ನಡೆಯುವುದಕ್ಕಲ್ಲ ಎಂದು ಆತನು ತಿಳಿದಿದ್ದನು. ಆದುದರಿಂದ 1861ರಲ್ಲಿ ಮಿಸ್ಸೂರಿಯಲ್ಲಿ ಫ್ರೆಮಾಂಟನೂ 1862ರ ಮೇ ತಿಂಗಳಲ್ಲಿ ದಕ್ಷಿಣ ಕರಾವಳಿಯಲ್ಲಿ ಹಂಟರನೂ ತಾವಾಗಿಯೇ ಗುಲಾಮರನ್ನು ಬಿಡುಗಡೆ ಮಾಡಿ ಹೊರಡಿಸಿದ ಆಜ್ಞೆಗಳನ್ನು ಆತನು ರದ್ದುಮಾಡಿದನು. ಸ್ವತಃ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಮುಂತಾದವರು ಇದನ್ನು ಕಟುವಾಗಿ ಟೀಕಿಸಿದರು. ಟೀಕೆ ನ್ಯಾಯವಾದುದೇ. ಸುಮಾರು 40 ಲಕ್ಷ ಮಂದಿ ಸಂಕೋಲೆಯಲ್ಲಿರುವಾಗ ಒಂದೊಂದು ತಿಂಗಳ ವಿಳಂಬಕ್ಕೂ ಬೆಲೆ ಕೊಟ್ಟವರು ಅವರೇ ಹೊರತು ಅಧ್ಯಕ್ಷನಲ್ಲ. ಆದರೂ ಗಡಿನಾಡಿನ ಕೆಂಟಕಿ ಮೊದಲಾದ ಸಂಸ್ಥಾನಗಳು ಕೈಬಿಟ್ಟುಹೋದರೆ ಯುದ್ಧವೇ ಸೋತೀತು, ಸೋತರೆ ಬಿಡುಗಡೆಯೇ ಇಲ್ಲ ಎಂಬ ಲೆಕ್ಕವೂ ಸುಳ್ಳಲ್ಲ. 1862ರ ಜುಲೈ 22ರಂದು ಬಿಡುಗಡೆಯ ಕರಡನ್ನು ಸಚಿವರ ಮುಂದಿಟ್ಟನು. ಗೆಲುವೊಂದು ಬರಲೆಂದು ಕಾದನು. ಆಂಟೀಟಮ್ ಕಾಳಗದ ನಂತರ ಸೆಪ್ಟೆಂಬರ್ 22ರಂದು ಪ್ರಕಟಿಸಿದನು. 1863ರ ಜನವರಿ 1ರಿಂದ ಅದು ಜಾರಿಗೆ ಬಂದಿತು, ದಂಗೆಯೆದ್ದ ಪ್ರಾಂತಗಳಿಗೆ ಮಾತ್ರ. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 13ನೆಯ ತಿದ್ದುಪಡಿ 1865ರ ಜನವರಿ 31ರಂದು ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಗುವಂತೆ ಮಾಡಲು ಆತನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಲ್ಲಿ ಮಾತ್ರ ಆತನ ಭಾವನೆಯೂ ಹೊಣೆಯೂ ಕೊನೆಗೊಮ್ಮೆ ಒಂದೇ ದಾರಿಯಲ್ಲಿ ನಡೆದವು.

ಕ್ಷಮಾದಾನದ ಅಧಿಕಾರವೂ ಆತನಿಗೊಂದು ದಿನನಿತ್ಯದ ಪರೀಕ್ಷೆಯಾಗಿದ್ದಿತು. ಸೈನಿಕ ನ್ಯಾಯಾಲಯಗಳು ವಿಧಿಸಿದ ಮರಣದಂಡನೆಗಳು ಆತನ ರುಜುವಿಗೆ ಬರುತ್ತಿದ್ದವು. 1863ರ ಜುಲೈ 18ರಂದು ಆರು ಗಂಟೆಗಳ ಕಾಲ ಕುಳಿತು ಇಂಥ ಕಡತಗಳನ್ನೇ ನೋಡಿದನು. ಪಹರೆಯಲ್ಲಿ ನಿದ್ದೆಹೋದ ಹುಡುಗರು, ಗುಂಡಿನ ಸದ್ದಿಗೆ ಹೆದರಿ ಓಡಿದವರು, ಇವರನ್ನು ಉಳಿಸಲು ನೆಪ ಹುಡುಕುತ್ತಿದ್ದನು. ಕ್ರೌರ್ಯವೋ ನೀಚತನವೋ ಕಂಡರೆ ಕೈ ಬಿಗಿಯಾಗುತ್ತಿದ್ದಿತು. ಇದರಿಂದ ಸೈನ್ಯದ ಶಿಸ್ತು ಹಾಳಾಗುವುದೆಂದು ಸೇನಾನಿಗಳು ಗೊಣಗಿದರು.

1862ರ ಕೊನೆಯಲ್ಲಿ ಮಿನ್ನೆಸೋಟದಿಂದ ಬಂದ ಪಟ್ಟಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿಯ ಮೂಲನಿವಾಸಿಗಳಾದ ಡಕೋಟ ಜನರು ಒಪ್ಪಂದದ ಹಣ ಬಾರದೆ, ಹಸಿವು ತಾಳದೆ ದಂಗೆಯೆದ್ದು ವಲಸಿಗರನ್ನು ಕೊಂದಿದ್ದರು. ಸೈನಿಕ ಮಂಡಲಿಯು 303 ಮಂದಿಗೆ ಮರಣದಂಡನೆ ವಿಧಿಸಿತು. ಎಲ್ಲರನ್ನೂ ನೇಣು ಹಾಕಬೇಕೆಂದು ಅಲ್ಲಿಯ ಬಿಳಿಯರ ಕೂಗು. ಲಿಂಕನ್ನನ ಅಜ್ಜನನ್ನು 1786ರಲ್ಲಿ ಹೊಲದಲ್ಲಿ ಗುಂಡಿಟ್ಟು ಕೊಂದವರು ಮೂಲನಿವಾಸಿಗಳೇ. ಬಾಲಕ ಥಾಮಸ್ ಅದನ್ನು ಕಣ್ಣಾರೆ ಕಂಡವನು. ಆ ಕಥೆಯನ್ನು ಕೇಳಿಕೊಂಡೇ ಮೊಮ್ಮಗ ಬೆಳೆದಿದ್ದನು. ಮನೆತನದ ಹಗೆ ತೀರಿಸಿಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕದು. ಆತನು ಕಡತಗಳನ್ನು ತರಿಸಿ, ಯುದ್ಧದಲ್ಲಿ ಹೋರಾಡಿದವರನ್ನೂ ನಿರಾಯುಧರನ್ನು ಕೊಂದವರನ್ನೂ ಬೇರ್ಪಡಿಸಿದನು. ಡಿಸೆಂಬರ್ 26ರಂದು 38 ಮಂದಿಯನ್ನು ನೇಣು ಹಾಕಿದರು. ಮಿಕ್ಕವರು ಉಳಿದರು. ವಕೀಲರಿಲ್ಲದೆ, ಕೆಲವು ನಿಮಿಷಗಳಲ್ಲಿ ಮುಗಿದ ವಿಚಾರಣೆಗಳವು. ಆ 38ರಲ್ಲಿಯೂ ನ್ಯಾಯ ಪೂರ್ಣವಾಗಿ ನಡೆಯಿತೆಂದು ಹೇಳಲಾಗದು.

ಇನ್ನು ಬಂಧುಗಳ ವಿಷಯ. ಮೇರಿಯ ಮಲಸಹೋದರರು ದಕ್ಷಿಣದ ಸೈನ್ಯ ಸೇರಿದರು; ಇಬ್ಬರು ರಣರಂಗದಲ್ಲಿ ಸತ್ತರು. ಉತ್ತರದ ಪತ್ರಿಕೆಗಳು ಅಧ್ಯಕ್ಷನ ಹೆಂಡತಿಯನ್ನೇ ಶತ್ರುವಿನ ಬೇಹುಗಾರಳೆಂದು ಶಂಕಿಸಿದವು. ಆಕೆಯ ಮಲತಂಗಿ ಎಮಿಲಿಯ ಗಂಡ ಬೆಂಜಮಿನ್ ಹೆಲ್ಮ್ ಸೈನಿಕ ಶಾಲೆಯಲ್ಲಿ ಕಲಿತ ತರುಣ. ಲಿಂಕನ್ನನಿಗೆ ಷಡ್ಡಕನಾದರೂ ಪ್ರೀತಿ ಮಾತ್ರ ಕಿರಿಯ ತಮ್ಮನ ಮೇಲಿನಂಥದು. 1861ರಲ್ಲಿ ಆತನನ್ನು ಕರೆಸಿ ಸೈನ್ಯದ ಸಂಬಳ ಬಟವಾಡೆಯ ಅಧಿಕಾರಿಯ ಹುದ್ದೆಯನ್ನು ಕೊಡಲು ಬಂದನು. ಗುಂಡಿನ ಮುಂದೆ ನಿಲ್ಲಬೇಕಾದ ಕೆಲಸವಲ್ಲ ಅದು. ಹೆಲ್ಮ್ ನಿರಾಕರಿಸಿ ದಕ್ಷಿಣಕ್ಕೆ ಹೋದನು. 1863ರ ಸೆಪ್ಟೆಂಬರಿನಲ್ಲಿ ಚಿಕಮಾಗ ಕಾಳಗದಲ್ಲಿ ಸತ್ತನು. ಶತ್ರುಪಕ್ಷದ ಸೇನಾನಿಯೊಬ್ಬನು ಸತ್ತನೆಂದು ಅಧ್ಯಕ್ಷನು ಹಿಗ್ಗಬೇಕಾದ ಸುದ್ದಿ. ಷಡ್ಡಕ ಸತ್ತನೆಂದು ಕುಗ್ಗಬೇಕಾದ ಸುದ್ದಿ. ಆತನು ಬಹಳ ದುಃಖಪಟ್ಟನು.

ಆ ಡಿಸೆಂಬರಿನಲ್ಲಿ ವಿಧವೆ ಎಮಿಲಿ ಉತ್ತರದ ಗಡಿಗೆ ಬಂದಳು. ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡದೆ ಒಳಗೆ ಬಿಡುವಂತಿಲ್ಲ. ಸತ್ತ ಗಂಡನಿಗೆ ದ್ರೋಹವಾಗುವುದೆಂದು ಆಕೆ ಒಪ್ಪಲಿಲ್ಲ. ಆಕೆಯನ್ನು ತನ್ನ ಬಳಿಗೆ ಕಳುಹಿಸಿರೆಂದು ಲಿಂಕನ್ನನು ತಂತಿ ಕೊಟ್ಟನು. ಶತ್ರುವಿನ ಹೆಂಡತಿ ಕೆಲವು ದಿನ ಶ್ವೇತಭವನದಲ್ಲಿ ಉಳಿದಳು. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಸೇನಾನಿ ಸಿಕಲ್ಸನು ಬಂದು ದಂಗೆಕೋರಳನ್ನು ಮನೆಯಲ್ಲಿಟ್ಟುಕೊಳ್ಳಬಾರದೆಂದು ಮೇಜು ಕುಟ್ಟಿ ಕೂಗಾಡಿದನು. ತನ್ನ ಮನೆಗೆ ಯಾರು ಬರಬೇಕೆಂಬುದನ್ನು ತಾನೂ ಹೆಂಡತಿಯೂ ಗೊತ್ತುಮಾಡಿಕೊಳ್ಳುತ್ತೇವೆ, ಅದಕ್ಕೆ ಗೆಳೆಯರ ಸಲಹೆ ಬೇಕಿಲ್ಲವೆಂದು ಲಿಂಕನ್ನನು ಶಾಂತವಾಗಿಯೇ ತಿಳಿಸಿದನು. ಆದರೆ ಮರುವರ್ಷ ಅದೇ ಎಮಿಲಿ ದಕ್ಷಿಣದಲ್ಲಿದ್ದ ತನ್ನ ಹತ್ತಿಯನ್ನು ಮಾರಲು ಪರವಾನಗಿ ಕೇಳಿ ಬಂದಾಗ ಕಥೆ ಬೇರೆಯಾಯಿತು. ನಿಷ್ಠೆಯ ಪ್ರಮಾಣ ಮಾಡದೆ ಪರವಾನಗಿ ಇಲ್ಲವೆಂದುಬಿಟ್ಟನು. ಬಡತನದಲ್ಲಿದ್ದ ಆಕೆ ಮನೆಗೆ ಹಿಂದಿರುಗಿ, ತನ್ನ ಈ ಗತಿಗೆ ಆತನ ಗುಂಡುಗಳೇ ಕಾರಣವೆಂದು ಕಾಗದ ಬರೆದಳು.

ಅನ್ನ, ಹಾಸಿಗೆ, ಸಮಾಧಾನ ಇವು ತನ್ನವು, ಕೊಟ್ಟನು. ಪರವಾನಗಿ ಸರ್ಕಾರದ್ದು, ಅದನ್ನು ಪಡೆಯಲು ನಾದಿನಿಯೂ ಎಲ್ಲರಂತೆ ಸಾಲಿನಲ್ಲಿ ನಿಲ್ಲಬೇಕು. ಈ ಗೆರೆಯನ್ನು ಆತನು ಬಹು ಸ್ಪಷ್ಟವಾಗಿ ಕಂಡಿದ್ದನು. ನಮ್ಮಲ್ಲಿ ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಯುಂಟು. ಲಿಂಕನ್ನನು ಮನೆಗೆ ಮಾರಿಯೂ ಆಗಲಿಲ್ಲ, ಮನೆಗಾಗಿ ಊರನ್ನು ಬಿಡಲೂ ಇಲ್ಲ.

ಒಂದು ಕಡೆ ಮಾತ್ರ ಗೆರೆ ಅಳಿಸಿಹೋಯಿತು. ಹಿರಿಯ ಮಗ ರಾಬರ್ಟ್ ಹಾರ್ವರ್ಡಿನಲ್ಲಿ ಓದುತ್ತಿದ್ದನು. 1863ರ ಮಾರ್ಚಿನಲ್ಲಿ ಕಡ್ಡಾಯ ಸೈನ್ಯಭರ್ತಿಯ ಕಾನೂನು ಬಂದಿತು. 20 ವರ್ಷ ತುಂಬಿದ ಗಂಡಸರ ಹೆಸರನ್ನು ಚೀಟಿ ಎತ್ತುವುದು; ಬದಲಿ ಆಳನ್ನು ಕೊಟ್ಟವನಿಗೆ ಅಥವಾ 300 ಡಾಲರ್ ಕಟ್ಟಿದವನಿಗೆ ವಿನಾಯಿತಿ. ಕೂಲಿಯವನೊಬ್ಬನ ವರ್ಷದ ಗಳಿಕೆಗೆ ಹತ್ತಿರವಾದ ಹಣ ಅದು. ಜುಲೈಯಲ್ಲಿ ನ್ಯೂಯಾರ್ಕಿನ ಬಡಜನ ದಂಗೆಯೆದ್ದರು. ಆ ರೋಷ ನಿರಪರಾಧಿಗಳಾದ ಕಪ್ಪು ಜನರ ಮೇಲೆ ತಿರುಗಿತು. ನೂರಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿಗೆ ರಾಬರ್ಟನ ವಯಸ್ಸೂ ಇಪ್ಪತ್ತರ ಹತ್ತಿರ. ಸೈನ್ಯಕ್ಕೆ ಸೇರಬೇಕೆಂದು ಆತನಿಗೇ ಆಸೆಯಿದ್ದಿತು. ಇಬ್ಬರು ಮಕ್ಕಳನ್ನು ಕಳೆದುಕೊಂಡ ತಾಯಿ ಬಿಡಲೊಲ್ಲಳು. ಎಮಿಲಿಯನ್ನು ನೋಡಲು ಸಿಕಲ್ಸನೊಡನೆ ಬಂದಿದ್ದ ಸೆನೆಟ್ ಸದಸ್ಯ ಹ್ಯಾರಿಸನು, ನಿಮ್ಮ ಮಗನೇಕೆ ಸೈನ್ಯದಲ್ಲಿಲ್ಲ ಎಂದು ಮೇರಿಯನ್ನು ಮುಖಕ್ಕೆ ಹೊಡೆದಂತೆ ಕೇಳಿದನು. ಆಕೆ ಬಿಳುಪೇರಿ, ತಡೆಹಿಡಿದವಳು ತಾನೇ ಎಂದು ಹೇಳಿಕೊಂಡಳು.

ಕಡೆಗೆ 1865ರ ಜನವರಿ 19ರಂದು ಲಿಂಕನ್ನನು ದಂಡನಾಯಕ ಗ್ರ್ಯಾಂಟನಿಗೆ ಒಂದು ಕಾಗದ ಬರೆದನು. ಅಧ್ಯಕ್ಷನೆಂದು ಎಣಿಸದೆ ಗೆಳೆಯನೆಂದೇ ಎಣಿಸಿ ಓದಬೇಕೆಂದು ಅದರಲ್ಲಿ ಕೇಳಿಕೊಂಡಿದ್ದನು. ಮಗನನ್ನು ಸಾಮಾನ್ಯ ಸಿಪಾಯಿಗಳ ಸಾಲಿಗೆ ಸೇರಿಸಲು ಮನಸ್ಸಿಲ್ಲ. ಬಹುಕಾಲ ದುಡಿದವರಿಗೆ ಸಲ್ಲಬೇಕಾದ ಹುದ್ದೆಯನ್ನು ಆತನಿಗೆ ಕೊಡಿಸಲೂ ಮನಸ್ಸಿಲ್ಲ. ನಿನ್ನ ಪರಿವಾರದಲ್ಲಿ ಹೆಸರಿಗೊಂದು ಸ್ಥಾನ ಕೊಡಬಹುದೆ, ಖರ್ಚನ್ನು ಸರ್ಕಾರದ ಬದಲು ನಾನೇ ಕೊಡುತ್ತೇನೆ, ಆಗದಿದ್ದರೆ ಸಂಕೋಚವಿಲ್ಲದೆ ಆಗದೆನ್ನು ಎಂಬುದು ಅದರ ತಾತ್ಪರ್ಯ. ಗ್ರ್ಯಾಂಟನು ಸಂತೋಷದಿಂದ ಒಪ್ಪಿ ಫೆಬ್ರವರಿಯಲ್ಲಿ ರಾಬರ್ಟನನ್ನು ಕ್ಯಾಪ್ಟನ್ ಆಗಿ ತೆಗೆದುಕೊಂಡನು. ಆ ಸ್ಥಾನದಲ್ಲಿ ಅಪಾಯ ಹೆಚ್ಚಿರಲಿಲ್ಲ. ಎರಡು ತಿಂಗಳಲ್ಲಿ ಯುದ್ಧವೇ ಮುಗಿಯಿತು. ಏಪ್ರಿಲ್ 9ರಂದು ದಕ್ಷಿಣದ ಲೀ ಶರಣಾದಾಗ ರಾಬರ್ಟ್ ಅಲ್ಲಿಯೇ ಇದ್ದನು.

ಚರಿತ್ರಕಾರರಲ್ಲಿ ಬಹು ಮಂದಿ ಮೇರಿಯ ಮನಸ್ಥಿತಿಯನ್ನು ಹೇಳಿ ಈ ಪ್ರಸಂಗವನ್ನು ದಾಟಿಬಿಡುತ್ತಾರೆ. ಮತ್ತೊಂದು ಸಾವು ಬಂದಿದ್ದರೆ ಆಕೆಯ ಬುದ್ಧಿ ಉಳಿಯುತ್ತಿರಲಿಲ್ಲವೆಂಬುದು ನಿಜವಿರಬಹುದು. ಆದರೆ ಅಂಥ ತಾಯಂದಿರು ಆ ದೇಶದ ಒಂದೊಂದು ಹಳ್ಳಿಯಲ್ಲಿಯೂ ಇದ್ದರು. ಅವರ ಗಂಡಂದಿರು ದಂಡನಾಯಕನಿಗೆ ಕಾಗದ ಬರೆಯಬಲ್ಲವರಾಗಿರಲಿಲ್ಲ. ನಾದಿನಿಗೆ ಇಲ್ಲವೆಂದ ಕೈ ಮಗನಿಗೆ ಇಲ್ಲವೆನ್ನಲಿಲ್ಲ. ಕಾಗದವನ್ನು ಓದಿದರೆ ಲಿಂಕನ್ನನಿಗೇ ಇದು ತಿಳಿದಿತ್ತೆಂದು ಕಾಣುತ್ತದೆ. ಹಕ್ಕಿನಿಂದ ಕೇಳುವವನ ಧಾಟಿ ಅದರಲ್ಲಿಲ್ಲ. ನಾಚಿಕೆಯಿಂದ ಬಾಗಿಲ ಬಳಿ ನಿಂತು ಕೇಳುವ ಒಬ್ಬ ತಂದೆಯ ಧಾಟಿ ಅದು. ಈ ದೌರ್ಬಲ್ಯವನ್ನು ಕಂಡ ಮೇಲೆ ಆತನ ಮೇಲಿನ ನನ್ನ ಗೌರವ ಕಡಿಮೆಯಾಯಿತೆ ಎಂದು ಕೇಳಿದರೆ, ಇಲ್ಲ. ಅದನ್ನು ದೌರ್ಬಲ್ಯವಲ್ಲವೆನ್ನಲೂ ನಾನು ಸಿದ್ಧವಾಗಿಲ್ಲ.

1865ರ ಏಪ್ರಿಲ್ 14ರ ಬೆಳಿಗ್ಗೆ ರಣರಂಗದಿಂದ ಆಗತಾನೆ ಹಿಂದಿರುಗಿದ್ದ ರಾಬರ್ಟ್ ತಂದೆಯೊಡನೆ ಉಪಾಹಾರಕ್ಕೆ ಕುಳಿತನು. ಆ ರಾತ್ರಿ ತಂದೆತಾಯಿ ನಾಟಕಕ್ಕೆ ಕರೆದರೂ ದಣಿವೆಂದು ಮನೆಯಲ್ಲಿಯೇ ಉಳಿದನು. ಫೋರ್ಡ್ ನಾಟಕಶಾಲೆಯಲ್ಲಿ ಬೂತ್ ಎಂಬ ನಟನು ಅಧ್ಯಕ್ಷನ ತಲೆಗೆ ಹಿಂದಿನಿಂದ ಗುಂಡು ಹಾರಿಸಿದನು. ಎದುರು ಮನೆಯ ಹಿಂಬದಿ ಕೋಣೆಯಲ್ಲಿ, ಆತನ ಎತ್ತರಕ್ಕೆ ಸಾಲದ ಮಂಚದ ಮೇಲೆ ಓರೆಯಾಗಿ ಮಲಗಿಸಿದ್ದರು. ರಾಬರ್ಟ್ ರಾತ್ರಿಯೆಲ್ಲ ತಲೆಯ ಬಳಿ ನಿಂತಿದ್ದನು. ಒಂದು ಕಾಲದಲ್ಲಿ ಆತನನ್ನು ಕಡೆಗಣಿಸಿದ ಸ್ಟ್ಯಾಂಟನ್ನನು ಪಕ್ಕದ ಕೋಣೆಯಲ್ಲಿ ಕುಳಿತು ರಾಜ್ಯದ ಕೆಲಸವನ್ನು ನಡೆಸುತ್ತಿದ್ದನು. ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಪ್ರಾಣ ಹೋಯಿತು.

ಏಪ್ರಿಲ್ 21ರಂದು ವಾಷಿಂಗ್ಟನ್ನಿನಿಂದ ಹೊರಟ ರೈಲಿನಲ್ಲಿ ಎರಡು ಶವಪೆಟ್ಟಿಗೆಗಳಿದ್ದವು. ಓಕ್ ಹಿಲ್ಲಿನಲ್ಲಿ ಮೂರು ವರ್ಷ ಕಾದಿದ್ದ ವಿಲ್ಲಿಯ ಪೆಟ್ಟಿಗೆಯನ್ನೂ ತೆಗೆಸಿ ತಂದೆಯ ಪೆಟ್ಟಿಗೆಯೊಡನೆ ಇರಿಸಿದ್ದರು. ಹಾಸಿಗೆಯಿಂದ ಏಳಲಾರದ ಮೇರಿ ಶ್ವೇತಭವನದಲ್ಲಿಯೇ ಉಳಿದಳು. ರೈಲು ಊರೂರುಗಳಲ್ಲಿ ನಿಂತು, ಲಕ್ಷಾಂತರ ಜನ ನೋಡಿದ ಮೇಲೆ, ಮೇ 3ರಂದು ಸ್ಪ್ರಿಂಗ್‌ಫೀಲ್ಡನ್ನು ಸೇರಿತು. ಮರುದಿನ ಊರಾಚೆಯ ಓಕ್ ರಿಡ್ಜ್ ಸ್ಮಶಾನದಲ್ಲಿ ರಾಬರ್ಟನ ಎದುರಿಗೆ ತಂದೆಯನ್ನೂ ತಮ್ಮನನ್ನೂ ಒಂದೇ ಕಡೆ ಇರಿಸಿ ಬಾಗಿಲು ಮುಚ್ಚಿದರು.